ಗೇಣು ದೂರದ ಬ್ಯಾಳಿ

ಕಪನೂರಿನ ದಾಲ್ ಮಿಲ್ಲಿನ ಗೋಡೆಗೆ
ನಾನು ತೂಗುಹಾಕಿದ ಪಟದಲ್ಲಿ ಅಕ್ಷರ ಒಂದೇ,
ಮೂರು ಕಾಲಿನದು;
ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಆಚೆ ಈಚೆ ಹೊರಳಿ
ಸಾಲಿನಿಂದ ಸಾಲಿಗೆ ಸಣ್ಣದಾಗುತ್ತ ಹೋಗುತ್ತದೆ.
ಓದು ಬಾರದವರಿಗೆಂದೇ ಮಾಡಿದ್ದು.
ಸಾಬಮ್ಮ ಅದನ್ನು ಬಾಚಣಿಗಿ ಅಂದಳು.
"ಹಲ್ಲು ಮ್ಯಾಲ. ಹಲ್ಲು ಬಲಕ್ಕ.
ಕೆಳಗಿಂದರ ಹಲ್ಲು ಉದುರ್ಯಾವ ನೋಡ್ರಿ."

ಅಜೀಮ್ ಸಾಬರ ಚಷ್ಮಾ ಅಂಗಡಿಯಿಂದ ಬಂದವನು ನಾನು,
ಪೆಟ್ಟಿಗೆಯಲ್ಲಿ ನೂರಿಪ್ಪತ್ತು ಗಾಜು,
ನಾಲಿಗೆಯಲ್ಲಿ ಒಂದೇ ಪ್ರಶ್ನೆ:
ಇದು ಚೊಲೋನೊ, ಅದು ಚೊಲೋನೊ?
ಮಿಲ್ಲಿನ ಸದ್ದಿಗೆ ಕಿರುಚಿ ಕೇಳಬೇಕಾಯಿತು.
"ಯಾವ ಸದ್ದು?" ಎಂದಳು.
ಹತ್ತೊಂಬತ್ತು ವರ್ಷ. ಅವಳ ಕಿವಿ ಅದನ್ನು
ಗೋಡೆಯ ಲೆಕ್ಕಕ್ಕೆ ಸೇರಿಸಿಬಿಟ್ಟಿದೆ.
ಬೆಲ್ಟ್ ಕಳಚಿ ಯಂತ್ರ ನಿಂತರೆ ಮಾತ್ರ
ಯಾರೋ ಕೂಗಿದಂತೆ ತಿರುಗಿ ನೋಡುತ್ತಾಳಂತೆ.

ದೂರದ್ದು ಸರಿ ಇತ್ತು. ಹತ್ತಿರದ್ದು ಇರಲಿಲ್ಲ.
ಪ್ಲಸ್ ಎರಡು ಹಾಕಿ, ಮರ ನೋಡು ಅಂದೆ.
ಅವಳು ಕೈ ನೋಡಿಕೊಂಡಳು.
ಗೆರೆಗೆರೆಯಲ್ಲಿ ತೊಗರಿಯ ಹಳದಿ ಹಿಟ್ಟು,
ಹೆಬ್ಬೆರಳ ಮೇಲೆ ಎಂದೋ ಕೊಯ್ದ ಬಿಳಿ ಗುರುತು.
"ಯಾರ್ದ್ರೀ ಇದು ಕೈ?"

ಆಮೇಲೆ ಚಷ್ಮಾ ತೆಗೆದು, ಕಣ್ಣು ಮುಚ್ಚಿ,
ಮರದೊಳಗೆ ಬೆರಳಾಡಿಸಿದಳು, ನೀರಲ್ಲಿ ಆಡಿಸಿದ ಹಾಗೆ.
ಮೂರು ಹಳ್ಳು ಹೆಕ್ಕಿ ನನ್ನ ಅಂಗೈಗಿಟ್ಟಳು.
ಬ್ಯಾಳಿಯ ಬಣ್ಣದ್ದೇ ಹಳ್ಳು.
ಪಕ್ಕದ ಶೆಡ್ಡಿನ ಹೊಸ ಯಂತ್ರಕ್ಕೆ ಕ್ಯಾಮೆರಾ ಇದೆ,
ಬಣ್ಣ ಬೇರೆಯಾದರೆ ಗಾಳಿ ಊದಿ ಎಸೆಯುತ್ತದೆ;
ಇಂಥವನ್ನು ಬ್ಯಾಳಿಯೆಂದೇ ನಂಬಿ ಕಳಿಸುತ್ತದೆ.
"ಥಂಡ್ಯಾಗ ಹಳ್ಳು ತಣ್ಣಗ, ಬ್ಯಾಸಗ್ಯಾಗ ಬಿಸಿ.
ಬ್ಯಾಳಿ ಹಂಗಲ್ಲ, ಯಾವತ್ತೂ ಹ್ಯಾಂಗಿರ್ತದೊ ಹಂಗ."

ಊಟದ ಹೊತ್ತಿಗೆ ಬಿಸಿಲು ತಡೆಯಲು
ಗೋದಾಮಿನ ಶಟರ್ ಎಳೆದರು.
ಶಟರಿಗೊಂದು ತೂತು, ತೊಗರಿ ಕಾಳಿನಷ್ಟು.
ಎದುರಿನ ಚೀಲದ ರಾಶಿಯ ಮೇಲೆ
ಹುಮನಾಬಾದ ರಸ್ತೆ ತಲೆಕೆಳಗಾಗಿ ಹರಿಯಿತು:
ಆಕಾಶ ಕೆಳಗೆ, ಲಾರಿಯ ಗಾಲಿ ಮೇಲೆ,
ಛತ್ರಿ ಹಿಡಿದವಳೊಬ್ಬಳು ಬಾವಲಿಯಂತೆ ತೂಗುತ್ತ ನಡೆದಳು.
ರೊಟ್ಟಿ ಮುರಿಯುತ್ತಿದ್ದವರು ಯಾರೂ ತಲೆಯೆತ್ತಲಿಲ್ಲ.
ಅವರಿಗದು ದಿನಾ ಇರೋದೇ.

ನನಗೆ ಮಾತ್ರ ಕಲಿತದ್ದೆಲ್ಲ ಬಾಯಿಗೆ ಬಂತು.
ಕಣ್ಣೊಳಗೂ ಹೀಗೇ ಸಾಬಮ್ಮ,
ಅಲ್ಲೂ ಎಲ್ಲ ತಲೆಕೆಳಗೇ ಬೀಳೋದು.
ಶೇಂಗಾ ಹಿಂಡಿಯ ಎಣ್ಣೆ ಬೆರಳಿಂದ ನೆಕ್ಕಿ ಯೋಚಿಸಿದಳು.
"ಮತ್ತ ನೆಟ್ಟಗ ಮಾಡಿ ತೋರ್ಸಾಂವ ಯಾಂವ ಒಳಗ?"
ಮಿದುಳು, ಅಂದೆ, ಬಾಯಿಪಾಠ ಒಪ್ಪಿಸುವ ಹುಡುಗನ ದನಿಯಲ್ಲಿ.
"ಅಂವ ಎಲ್ಲಿಂದ ನೋಡ್ತಾನ?"
ನೀರು ಕೇಳಿ ಕುಡಿದೆ.

ಸೋತವನ ಹಟಕ್ಕೆ ಒಂದು ಆಟ ತೋರಿಸಿದೆ.
ಖಾಲಿ ಮರದಲ್ಲಿ ಗೇಣು ದೂರಕ್ಕೆ ಎರಡು ಬ್ಯಾಳಿ.
ಎಡಗಣ್ಣು ಮುಚ್ಚು. ಬಲಗಣ್ಣು ಎಡದ ಬ್ಯಾಳಿಯ ಮೇಲೇ ಇರಲಿ.
ಮರ ತೋಳುದ್ದ ಚಾಚಿ ಮೆಲ್ಲಗೆ, ಮೆಲ್ಲಗೆ ಹತ್ತಿರ ತಾ.
ತಂದಳು. ತಡೆದಳು. ಬಾಯಿ ತೆರೆಯಿತು.
ಬಲದ ಬ್ಯಾಳಿ ಇರಲಿಲ್ಲ.
ಅದರ ಜಾಗದಲ್ಲಿ ಕಪ್ಪು ಇರಲಿಲ್ಲ, ತೂತೂ ಇರಲಿಲ್ಲ;
ಬಿದಿರಿನ ಹೆಣಿಗೆ ಹೆಣೆದುಕೊಂಡೇ ಹೋಗಿತ್ತು,
ಯಾರೂ ಏನನ್ನೂ ಕದ್ದಿಲ್ಲವೆಂಬಂತೆ.

ಎಲ್ಲರಿಗೂ ಇರುತ್ತದೆ ಎಂದೆ ನಗುತ್ತ,
ನರ ಹೊರಬೀಳುವ ಆ ಜಾಗದಲ್ಲಿ ಕಣ್ಣಿಗೆ ಕಣ್ಣಿಲ್ಲ.
ಅವಳು ನಗಲಿಲ್ಲ.
"ಹಂಗಂದ್ರ ಹತ್ತೊಂಬತ್ತ ವರ್ಷದಾಗ
ನನ್ನ ಕಣ್ಣ ಮುಂದ ಎಷ್ಟ ಹಳ್ಳು ದಾಟಿ ಹೋದ್ವೊ,
ಯಾರ್ಯಾರ ಹಲ್ಲಿಗಿ ಸಿಕ್ವೊ."

ಎರಡು ಕಣ್ಣಿವೆಯಲ್ಲ,
ಒಂದು ಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತದೆ
ಎನ್ನುವಷ್ಟರಲ್ಲಿ ಮಿಲ್ಲು ಶುರುವಾಯಿತು.
ನನ್ನ ಮಾತು ನನಗೇ ಕೇಳಲಿಲ್ಲ.
ಅವಳಾಗಲೇ ಮರದ ಮುಂದೆ, ಬೆರಳು ಒಳಗೆ.

ಸಂಜೆ ಟಂಟಂನಲ್ಲಿ ಆರು ಮಂದಿಯ ನಡುವೆ ಒತ್ತಿ ಕೂತು
ಜೇಬಿಗೆ ಕೈಹಾಕಿದೆ.
ಮೂರು ಇಟ್ಟುಕೊಂಡ ನೆನಪು; ಬೆರಳಿಗೆ ನಾಲ್ಕು ಸಿಕ್ಕವು.
ಒಂದು ಬ್ಯಾಳಿ ಇರಬೇಕು.
ಯಾವುದೆಂದು, ರಿಂಗ್ ರೋಡ್ ಬರುವವರೆಗೂ
ನೋಡದೆ ಹೊರಳಿಸುತ್ತಲೇ ಇದ್ದೆ.