ಒಂದು ಚಿಟಿಕೆ ಕಡಿಮೆ

ಡಾಕ್ಟರಮ್ಮನ ಚೀಟಿ ಮೇಜಿನ ಮೇಲಿಂದ ತೆಗೆ, ಗಾಸ್ಪರೆ,
ಇಲ್ಲಿ ಟೊಮ್ಯಾಟೊ ಹರವಬೇಕು.
ನಾಲ್ಕು ಕಿಲೊ. ಬೆಳಗಿನ ಸಂತೆಯಲ್ಲಿ ಮೂಸಿ ಮೂಸಿ ಆರಿಸಿದ್ದು.
ಮೂಸುವುದು ತೊಟ್ಟಿನ ಹತ್ತಿರ, ಕೆನ್ನೆಯ ಹತ್ತಿರವಲ್ಲ.
ಕೆನ್ನೆ ಎಲ್ಲರದೂ ಕೆಂಪೇ.

ನೀರು ಮರಳುತ್ತಿದೆ. ಒಂದೊಂದರ ಬೆನ್ನಿಗೂ ಅಡ್ಡಡ್ಡ ಗೀರಿ
ಹತ್ತು ಎಣಿಸುವಷ್ಟು ಹೊತ್ತು ಮುಳುಗಿಸು,
ತೆಗೆದು ತಣ್ಣೀರಿಗೆ ಹಾಕು.
ಸಿಪ್ಪೆ ತಾನಾಗಿ ಬಿಡುತ್ತದೆ,
ಮೊದಲ ಬೇಸಿಗೆ ನಿನ್ನ ಹೆಗಲ ಚರ್ಮ ಬಿಟ್ಟ ಹಾಗೆ.
ಹದಿನೇಳು ವರ್ಷ ನಿನಗಾಗ. ಉಪ್ಪಿನಾಗರದಿಂದ ದಿಬ್ಬಕ್ಕೆ
ಬುಟ್ಟಿ ಹೊರುತ್ತಾ, ಜೋರಾಗಿ ಎಣಿಸುತ್ತಾ.
ನಾನು ಗಾಳಿಗಿರಣಿಯ ನೆರಳಲ್ಲಿ ನಿಂತಿದ್ದೆ.
ನೀರು, ದಿಬ್ಬ, ಆಕಾಶ, ಎಲ್ಲ ಕಣ್ಣು ಚುಚ್ಚುವ ಬಿಳಿ.
ನೀನೊಬ್ಬ ಕಪ್ಪು.

ದಿನಕ್ಕೆ ಒಂದು ಟೀ ಚಮಚಕ್ಕಿಂತ ಕಡಿಮೆ,
ಅಂದಳು ಅಡ್ರಾಗ್ನಾ ಡಾಕ್ಟರಮ್ಮ, ಕನ್ನಡಕ ಒರೆಸುತ್ತಾ.
ನೀನು ನಕ್ಕುಬಿಟ್ಟೆ.
ನಲವತ್ತೊಂದು ವರ್ಷ ಟನ್ನುಗಟ್ಟಲೆ ಹೊತ್ತವನಿಗೆ
ಟೀ ಚಮಚ ತೋರಿಸುತ್ತಾಳೆ ಈ ಹುಡುಗಿ!
ಆಮೇಲೆ ತ್ರಾಪನಿ ಬರುವವರೆಗೂ
ಬಸ್ಸಿನ ಕಿಟಕಿಯ ಜೊತೆ ಮಾತ್ರ ಮಾತು.

ಎಣ್ಣೆ ಎರಡೇ ಚಮಚ.
ಬೆಳ್ಳುಳ್ಳಿ ಘಮ್ಮೆಂದ ಕೂಡಲೇ ಟೊಮ್ಯಾಟೊ ಸುರಿ,
ಕಂದಿತೋ, ಇಡೀ ಪಾತ್ರೆ ಕಹಿ.
ಸಕ್ಕರೆ ಬೇಡ. ಒಂದು ಕ್ಯಾರೆಟ್ ತುರಿದು ಹಾಕಿದರೆ
ಹುಳಿಯ ತಂಟೆ ತಾನೇ ಬಗೆಹರಿಯುತ್ತದೆ.
ನಿನ್ನ ತಾಯಿ ಸಕ್ಕರೆ ಹಾಕುತ್ತಿದ್ದಳು ನಿಜ,
ಮಾತಿನಲ್ಲಿ ಇರದ್ದನ್ನೆಲ್ಲ ಸಾಸಿಗೆ ಹಾಕುತ್ತಿದ್ದಳು, ಪುಣ್ಯಾತ್ಗಿತ್ತಿ.
ಉರಿ ಸಣ್ಣಗಿರಲಿ. ಮುಚ್ಚಳ ಓರೆ.
ಒಂದು ಗಂಟೆ ಅದರ ಪಾಡಿಗೆ ಅದು ಗೊಣಗಲಿ,
ನಿನ್ನ ಹಾಗೆ.

ಈಗ ಹೇಳಿಯೇ ಬಿಡುತ್ತೇನೆ.
ನಿನ್ನ ಅಣ್ಣ ನಿತ್ತೊ ದಿಬ್ಬದ ಬುಡದಲ್ಲಿ ಕುಸಿದನಲ್ಲ,
ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡು,
ಆ ಆಗಸ್ಟಿನಲ್ಲಿ ಶುರುಮಾಡಿದೆ.
ವರ್ಷಕ್ಕೊಂದು ಚಿಟಿಕೆ ಕಡಿಮೆ.
ಕಡಿಮೆಯಾದ ಜಾಗಕ್ಕೆ ಒಮ್ಮೆ ನಿಂಬೆಸಿಪ್ಪೆ,
ಒಮ್ಮೆ ಹುರಿದು ಕುಟ್ಟಿದ ಬಾದಾಮಿ,
ಕೈಯಲ್ಲೇ ಹರಿದ ತುಳಸಿಯಂಥ ಬೆಸಿಲ್ ಇನ್ನೊಂದು ಹಿಡಿ.
ನೀನು ಮೊದಲ ತುತ್ತು ನುಂಗಿ, ಮೀಸೆ ಒರೆಸಿ,
"ಉಪ್ಪು ಸರಿಯಿದೆ" ಅನ್ನುತ್ತಿದ್ದೆ,
ಉಪ್ಪು ಬಲ್ಲವನ ಠೀವಿಯಲ್ಲಿ.
ನಾನು ಒಲೆಯ ಕಡೆ ತಿರುಗಿ
ಬೇಕಿಲ್ಲದ ಮೆಣಸು ಕುಟ್ಟುತ್ತಿದ್ದೆ.
ಹನ್ನೊಂದು ವರ್ಷ.
ಉಪ್ಪು ತಿಂದವನು ನೀರು ಕುಡಿಯಬೇಕಂತೆ.
ಉಪ್ಪು ಬಚ್ಚಿಟ್ಟವಳು?

ಯಾಕೆ ಸುಮ್ಮನಾದೆ? ಬೈಯಬಾರದೆ?
ಏನು ಹುಡುಕುತ್ತೀ ಕೋಟಿನ ಜೇಬಿನಲ್ಲಿ,
ಈ ಸೆಕೆಯಲ್ಲಿ ಯಾಕೆ ಕೋಟು ಅಂತ
ನಾನು ಒಂದು ದಿನವೂ ಕೇಳಲಿಲ್ಲ ನೋಡು.

ಪೊಟ್ಟಣ.
ಪತ್ರಿಕೆಯ ಚೂರಿನಲ್ಲಿ ಸುತ್ತಿದ ಹರಳುಪ್ಪು,
ಚೀಟಿಯ ಪಕ್ಕದಲ್ಲಿ ಇಡುತ್ತೀ, ತಪ್ಪು ಒಪ್ಪುವ ಶಾಲೆಹುಡುಗ.
ನಾನು ಬೆನ್ನು ತಿರುಗಿಸಿದಾಗಲೆಲ್ಲ?
ಎಷ್ಟು ವರ್ಷದಿಂದ?
ಹತ್ತು ಬೆರಳು ತೋರಿಸುತ್ತೀ.
ಆಮೇಲೆ ಇನ್ನೊಂದು.

ದೇವರೇ. ಒಂದೇ ತಟ್ಟೆಯ ಮೇಲೆ ಇಬ್ಬರು ಕಳ್ಳರು.
ಬೆಸಿಲ್ ಸೊಪ್ಪು, ಬಾದಾಮಿ, ನಿಂಬೆ, ನನ್ನ ಜಾಣತನ,
ಎಲ್ಲವನ್ನೂ ಉಪ್ಪಿನಲ್ಲಿ ಅದ್ದಿಕೊಂಡು ತಿಂದೆಯಲ್ಲೋ ಮಾರಾಯ!

ನಗಬೇಡ. ನಾನೂ ನಗುತ್ತಿಲ್ಲ, ಇದು ಈರುಳ್ಳಿ.
ಈರುಳ್ಳಿ ಹಾಕಿಯೇ ಇಲ್ಲವೆ? ಸರಿ, ಹಬೆ.

ಬಾ ಇಲ್ಲಿ, ಪಾತ್ರೆಯ ಹತ್ತಿರ.
ಈ ಸಲ ಇಬ್ಬರ ಕಣ್ಣೆದುರು ಬೀಳಲಿ.
ಪೊಟ್ಟಣ ಬಿಚ್ಚು, ನೀನೇ ಹಾಕು.
ಹಾಗಲ್ಲ, ಚಿಟಿಕೆ ಬೇಡ,
ಹರಳು ಹರಳಾಗಿ,
ಬುಟ್ಟಿ ಎಣಿಸುತ್ತಿದ್ದೆಯಲ್ಲ, ಹಾಗೆ ಜೋರಾಗಿ.
ಒಂದು. ಎರಡು.
ಕೈ ನಡುಗುತ್ತಿದೆ ನಿನಗೆ, ಪರವಾಗಿಲ್ಲ.
ಹನ್ನೆರಡಕ್ಕೆ ನಿಲ್ಲಿಸು, ಗಾಸ್ಪರೆ.
ಹನ್ನೆರಡಕ್ಕೆ ಅಂದೆ.