ನಾಲಿಗೆಗೆ ಹಚ್ಚಿ ನೋಡಿದೆ

ಶಿವೋಲಿಯ ಈ ಗ್ಯಾರೇಜಿನೊಳಗ
ಎಲ್ಲಾರೂ ಗಾಡಿಯ ಮುಖ ನೋಡ್ತಾರ.
ನಾನು ಹೊಟ್ಟಿ ನೋಡಾಕಿ.
ಗೋಣಿತಟ್ಟು ಹಾಸಿ ಅಂಗಾತ ಮಲಗಿ
ಪೈಪು ಹಿಡಿದರ ಸಾಕು,
ಅದು ಸುತ್ತಿದ ಊರಿನ ಮಣ್ಣೆಲ್ಲ ನನ್ನ ಕೊರಳ ಮ್ಯಾಲ.
ಕೆಂಪು ಬಿದ್ದರ ಡಿಚೋಲಿಯ ಗಣಿ ರಸ್ತೆ,
ಕಪ್ಪು ಬಿದ್ದರ ಹೆದ್ದಾರಿಯ ಡಾಂಬರು,
ಬಿಳಿ ಉಸುಕು ಬಿದ್ದರ
ಕಾಯ್ತಾನ್ ಮಾಲಕಗ ಸಿಟ್ಟು.

ಮೇ ತಿಂಗಳು ಮುಗಿಯಾಕ ಬಂದಿತ್ತು.
ಬಾಡಿಗಿ ಜೀಪು ವಾಪಸ್ ಬಂತು, ಫಳಫಳ.
ಬಾನೆಟ್ಟಿನೊಳಗ ತೆಂಗಿನ ಗರಿ ಎಣಿಸಬಹುದಿತ್ತು.
ಇಷ್ಟು ಒರೆಸಿ ತರೋರು ಏನೋ ಮುಚ್ಚಿಡ್ತಾರ,
ಇದು ಹದಿಮೂರು ವರ್ಷದ ನನ್ನ ಲೆಕ್ಕ.

ರೋಡ್ ಬಿಟ್ಟು ಇಳಿಸೇ ಇಲ್ಲ ಅಂಕಲ್, ಅಂದ ಹುಡುಗ.
ಹುಡುಗಿ ಏನೂ ಅನ್ನಲಿಲ್ಲ.
ಅಂಗೈಯ ಮದರಂಗಿ ಇನ್ನೂ ಇಟ್ಟಿಗಿ ಬಣ್ಣ,
ಚಪ್ಪಲಿ ಪಟ್ಟಿಯೊಳಗ ಮೊರ್ಜಿಯ ಉಸುಕು.

ಮಾಲಕ ಮೊಣಕಾಲೂರಿ ಗಾಡಿಯಡಿ ಇಣುಕಿದ:
"ದುರುಗವ್ವಾ, ದರ್ಯಾ?"
ಅವರ ಠೇವಣಿ, ಹದಿನೈದು ಸಾವಿರ,
ಅವನ ಅಂಗಿ ಕಿಸೆಯೊಳಗಿತ್ತು.
ಅದರ ತೀರ್ಪು ನನ್ನ ಬಾಯಾಗ.

ಚಾಸಿಯ ತೂತಿನಿಂದ ಒಂದು ಹನಿ ಇಳೀತು.
ಬೆರಳಿಗೆ ಹಿಡಿದು ನಾಲಿಗೆಗೆ ಹಚ್ಚಿದೆ.
ನನ್ನ ಸಾರಿಗಿಂತ ಖಡಕ್ಕು.
ಅಷ್ಟರಾಗ ಕಂಡ್ತು, ಸ್ಪ್ರಿಂಗ್ ಪಟ್ಟಿಗಳ ನಡುವ
ಉಗುರಿನಷ್ಟು ಏಡಿ,
ಎರಡೂ ಕಣ್ಣು ಎತ್ತಿ ನನ್ನನ್ನೇ ನೋಡಕೋತ.

"ಇಲ್ಲ" ಅಂದೆ.
"ನಂದೇ ಬೆವರು."

ಯಾಕ ಅಂದೆನೋ.
ಕಾಲುವಿ ಬಿಟ್ಟರ ನೀರೇ ಕಾಣದ ಸಿಂಧನೂರಿನಾಕಿ ನಾನು.
ಕಡಲು ಕಂಡ ಮೊದಲ ದಿನ
ಸೀರಿ ಸಮೇತ ಇಳಿದು, ಗಂಡನ ಕೈಯನ್ನೂ ಜಗ್ಗಿ
ಮಾವ ಕೊಟ್ಟ ವಾಚು ಕೆಡಿಸಿದ್ದೆ.
ಅದರ ಮುಳ್ಳು ಇವತ್ತಿಗೂ ನಾಲ್ಕೂ ಹತ್ತಕ್ಕ ನಿಂತೈತಿ.

ಉಪ್ಪು ತಿಂದವರು ನೀರು ಕುಡೀಬೇಕಂತಾರ.
ತಿಂದವರು ಥಿವೀಮಿನಾಗ ರೈಲು ಹತ್ತಿದರು,
ಕುಡಿಸೋ ಕೆಲಸ ನನ್ನ ಪಾಲಿಗೆ.

ರಾತ್ರಿ ಬಲ್ಬು ಎಳಕೊಂಡು ಅಡಿಗೆ ಹೋದೆ.
ಬಾವಿಯ ಸಿಹಿನೀರು ಮೂರು ಸಲ,
ಚಾಸಿಯ ಆ ತುದಿಗೆ ಬಿಟ್ಟರ
ಈ ತುದಿಗೆ ತಿಳಿಯಾಗಿ ಬರೋತನ.
ಬಾಗಿಲಡಿಯ ತೂತಿಗೆ ಸೈಕಲ್ ಕಡ್ಡಿ,
ಮೂಲಿ ಮೂಲಿಗೆ ಗಾಳಿ.
ಗಂಡ ಅಂದ, ಬಳಿದುಬಿಡು ಕರಿ ಬಣ್ಣ,
ಯಾರು ಬಗ್ಗಿ ನೋಡ್ತಾರ?
ಹಸಿ ಇದ್ದಾಗ ಬಳಿಯೋದು
ತುಕ್ಕಿಗೆ ಕಂಬಳಿ ಹೊಚ್ಚಿದಂಗ ಮಾರಾಯಾ,
ಬೆಚ್ಚಗ ಮಲಗಿ ಬೆಳೀತೈತಿ.
ತಂತಿ ಬ್ರಷ್ಷು ಹಾಕಿದೆ. ಕಬ್ಬಿಣ ಬೆಳ್ಳಗಾತು.
ರೆಡ್ ಆಕ್ಸೈಡು, ಅದು ಒಣಗಿದ ಮ್ಯಾಲ ಕರಿ ಮೇಣ,
ಕಾಯಿಸಿ, ತೆಳ್ಳಗ, ಸಂದಿ ಸಂದಿಗೆ.
ತೂತು ಮಾತ್ರ ಮುಚ್ಚಲಿಲ್ಲ.
ಒಳಗ ಹೋದ ನೀರಿಗೆ ದಾರಿ ಬೇಕು.

ಏಡೀನ ಪೇಂಟ್ ಡಬ್ಬಿ ಮುಚ್ಚಳದಾಗ ಒಯ್ದು
ಶಾಪೋರಾ ಹೊಳಿ ದಂಡಿಗೆ ಬಿಟ್ಟೆ.
ಹಿಂದ ನೋಡದ ಹೋತು.

ಜೂನ್, ಜುಲೈ. ಮಳಿ ಹೊಡದೇ ಹೊಡೀತು.
ಜೀಪು ಎದುರು ಹಾದಾಗೆಲ್ಲ
ನನ್ನ ಕಣ್ಣು ಗಾಲಿಯ ಮರೀಗೆ ಹೋಗೋದು.
ಸುಳ್ಳು ಹೇಳಿದಾಕಿಗೆ ನಿದ್ದಿ ಬರತಿತ್ತು,
ಸುಳ್ಳಿಗೆ ತುಕ್ಕು ಹತ್ತೀತು ಅನ್ನೋದೇ ಚಿಂತಿ.

ಶ್ರಾವಣದಾಗ ಮತ್ತ ನನ್ನ ಮ್ಯಾಲ ಬಂದು ನಿಂತಿತು.
ಸ್ಕ್ರೂಡ್ರೈವರಿನ ಹಿಡಿಕಿಯಿಂದ ಬಡೀತಾ ಹೋದೆ:
ಠಣ್. ಠಣ್. ಠಣ್.
ಅತ್ತಿ ಮಡಕಿ ಬಡಿದು ಕೊಂಡಂಗ,
ಕಿವಿ ಇಟ್ಟು, ಉಸಿರು ಹಿಡಿದು.
ಎಡಕ್ಕ, ಹಿಂದಿನ ಗಾಲಿಯ ಮಗ್ಗಲಾಗ,
ಪಟ್ಟಿ ಮಡಿಚಿದಲ್ಲಿ
ಬುಸ್.
ಬಡಲೆಕಾಯಿಯಷ್ಟು ಜಾಗ.
ನನ್ನ ಕೈ ಮುಟ್ಟಿರಲಿಲ್ಲ ಅಲ್ಲಿಗೆ.
ಹೆಬ್ಬೆರಳಿಟ್ಟರ ಕೆಂಪು ಪುಡಿ ಉದುರಿ
ತುಟಿ ಮ್ಯಾಲ ಬಿತ್ತು.

"ಏನಾತು?" ಅಂದ ಮಾಲಕ, ಹೊರಗಿನಿಂದ.
ಅವನ ಚಪ್ಪಲಿ ಅಷ್ಟೇ ಕಾಣತಿದ್ದವು.

ಉಪ್ಪು, ಅಂದೆ ಈ ಸಲ.
ವೆಲ್ಡಿಂಗಿನ ದುಡ್ಡು ನನ್ನ ಪಗಾರದಾಗ ಹಿಡಿ.

ಚಪ್ಪಲಿ ಬಾಳೊತ್ತು ಅಲ್ಲೇ ನಿಂತಿದ್ದವು.