ಎಷ್ಟು ಎಂದು ಕೇಳಿದವಳಿಗೆ

ಮೂರು ಮಕ್ಕಳು, ಒಂದು ತಳ್ಳುಗಾಡಿ,
ಅದರ ಹಿಡಿಗೆ ನೇತುಬಿದ್ದ ಬ್ರೆಡ್ಡಿನ ಚೀಲ.
ಗಾಜಿನಾಚೆ ಬಗ್ಗಿ ನಿಂತು ನೀವು ಕೇಳಿದಿರಿ:
ಒಳಗೆ ಬಿಡೋದಕ್ಕೆ ಎಷ್ಟು?

ಕೇಳುವ ಮೊದಲೇ ಕೈ ಜೇಬಿನೊಳಗೆ
ಚಿಲ್ಲರೆ ಎಣಿಸುತ್ತಿತ್ತು. ಆ ಸದ್ದು ನನಗೆ ಗೊತ್ತು.
ಪಾಂಟ್‌ಹೆಲಿಗ್‌ನಲ್ಲಿ ಹುಟ್ಟಿದ ಯಾವ ಹೆಣ್ಣಿಗೆ ಗೊತ್ತಿಲ್ಲ?

ಗಣಿ ನೋಡಲು ತಲೆಗೆ ಹನ್ನೊಂದು ಪೌಂಡು.
ಅದರಲ್ಲಿ ದೀಪದ ಟೋಪಿ ಬಂತು, ಕೆಳಗಿಳಿಸುವ ಪಂಜರ ಬಂತು,
ದೀಪ ಆರಿಸಿ ತೋರಿಸುವ ಅಷ್ಟು ಕತ್ತಲೂ ಬಂತು.
ಆಟದ ಬಯಲಿಗೆ ಏನೂ ಇಲ್ಲ, ಅಂದೆ.

ನೀವು ನಂಬಲಿಲ್ಲ.
ಏನೂ ಇಲ್ಲ ಅಂದಲ್ಲಿ ಏನೋ ಇದ್ದೇ ಇರುತ್ತದೆ
ಎಂದು ಪೆಟ್ಟು ತಿಂದು ಕಲಿತ ಮುಖ.
ಫಾರಂ ತುಂಬಬೇಕೆ? ವಿಳಾಸ ಬರೀಬೇಕೆ?
ಚಿಕ್ಕವನು ಏನಾದರೂ ಮುರಿದರೆ?
ಇಲ್ಲಮ್ಮ, ಇಲ್ಲ.
ಮುರಿಯಲಿ. ಐವರ್ ಪ್ರೋಸರ್‌ಗೂ ಕೆಲಸ ಬೇಕು.

ಬೆಲೆ ಯಾವತ್ತೋ ಕೊಟ್ಟಾಗಿದೆ, ಎನ್ನಬಹುದಿತ್ತು.
ಭಾಷಣವಾಗುತ್ತದೆ. ನಿಮ್ಮ ಹಿಂದೆ ಸಾಲು ಬೇರೆ.

ನೀವು ಹೋದಮೇಲೆ ಕಿಟಕಿಯಿಂದ ನೋಡಿದೆ:
ದೊಡ್ಡವಳು ಆಗಲೇ ಜಾರುಬಂಡಿಯ ತುದಿಯಲ್ಲಿ.
ಕಲ್ಲಿದ್ದಲು ಉರುಳುತ್ತಿದ್ದ ಇಳಿಜಾರು ಅದು.
ಅಲ್ಲಿ ಕೂತು ಹದಿಮೂರರ ಹುಡುಗರು ಕಲ್ಲು ಹೆಕ್ಕುತ್ತಿದ್ದರಂತೆ,
ಉಗುರಿನ ಕಪ್ಪು ಮದುವೆಯ ದಿನವೂ ಹೋಗುತ್ತಿರಲಿಲ್ಲವಂತೆ.
ನಿಮ್ಮ ಮಗಳ ಹಿಂಬದಿಗೆ ಹತ್ತಿದ್ದು ಬರೀ ಹಸಿರು, ಪಾಚಿ.
ಒಗೆದರೆ ಹೋಗುತ್ತದೆ.

ಒಂದು ಸಂಗತಿ ಹೇಳಬೇಕು, ಅಲ್ಲಿ ಬೋರ್ಡಿನ ಮೇಲೆ ಬರೆದಿಲ್ಲ.
ಬಯಲು ತೆರೆದ ಮೊದಲ ಸಂಜೆ
ಕಚೇರಿಯ ಹೊಸ ಹುಡುಗ, ಪಾಪ, ಹೊರಗಿನವನು,
ಐದು ಗಂಟೆಗೆ ಮಕ್ಕಳನ್ನು ಹೊರಡಿಸಲು
ಗಣಿಯ ಹಳೇ ಕೂಗುಕೊಳವೆ ಊದಿಸಿದ.
ಮಕ್ಕಳು ಕಿವಿ ಮುಚ್ಚಿಕೊಂಡು ನಕ್ಕರು.
ಮೇಲಿನ ಬೀದಿಯಲ್ಲಿ ಮೂರು ಬಾಗಿಲು ತೆರೆದುಕೊಂಡವು.

ಟೆಗ್ವೆನ್ ರೀಸ್, ತೊಂಬತ್ತಕ್ಕೆ ಎರಡು ಕಡಿಮೆ,
ಕೋಲು ಮರೆತು, ಕಾಲಿಗೆ ಏನೂ ಇಲ್ಲದೆ,
ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ
ಗೇಟಿನ ಬಳಿ ಬಂದು ನಿಂತಳು.
ಯಾರನ್ನೂ ಏನೂ ಕೇಳಲಿಲ್ಲ.
ಹೊರಬರುವ ಮಕ್ಕಳನ್ನು ಎಣಿಸಿದಳು.
ಎಲ್ಲ ಬಂದಾಯಿತು ಅಂದರೂ
ಮತ್ತೊಮ್ಮೆ ಎಣಿಸಿದಳು.
ಆ ಹುಡುಗ ತನ್ನ ಕೋಟು ಬಿಚ್ಚಿ ಅವಳ ಪಾದದಡಿ ಹಾಸಿದ.
ಬೇರೇನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.
ನಮಗೂ ತಿಳಿಯಲಿಲ್ಲ.

ಈಗ ಶಾಲೆಯ ಕೈಗಂಟೆ ಇದೆ.
ಐವರ್ ಬಾರಿಸುತ್ತಾನೆ, ಮೆಲ್ಲಗೆ,
ಮಜ್ಜಿಗೆ ಮಾರುವವನ ಹಾಗೆ.
ಉಯ್ಯಾಲೆಯ ಸರಪಳಿಗೆ ಎಣ್ಣೆ ಬಿಡುವವನೂ ಅವನೇ.
ಇಪ್ಪತ್ತಾರು ವರ್ಷ ಪಂಜರ ಇಳಿಸಿ ಏರಿಸಿದ ಕೈ.
ಮಗು ಎಷ್ಟೇ ಹಗುರಿದ್ದರೂ
ಸರಪಳಿಯನ್ನು ಮೊದಲು ಒಮ್ಮೆ ಜಗ್ಗಿ ನೋಡುತ್ತಾನೆ.

ಸಂಜೆ ಬೀಗ ಹಾಕುವ ಮುಂಚೆ ನಾನು ದೀಪದ ಕೋಣೆಗೆ ಹೋದೆ.
ಗೋಡೆಯ ತುಂಬ ಕೊಕ್ಕೆಗಳು, ಒಂದೊಂದಕ್ಕೂ ನಂಬರು.
ಕೆಳಗಿಳಿದವನ ಹಿತ್ತಾಳೆ ಬಿಲ್ಲೆ ಮರಳಿ ಬಂದು ಕೂತರೆ
ಅವನು ಮನೆಗೆ ಹೋದ ಎಂದು ಲೆಕ್ಕ.
ಇನ್ನೂರ ಹದಿನೇಳು ನಮ್ಮಜ್ಜನದು.
ಆ ಕೊಕ್ಕೆಯನ್ನು ಗೈಡುಗಳು ತೋರಿಸುತ್ತಾರೆ.
ನಾನು ಆ ಹೊತ್ತಿಗೆ ಟಿಕೆಟ್ಟು ಎಣಿಸುತ್ತಿರುತ್ತೇನೆ.

ನಿಮ್ಮ ನಡುವಿನವನ ಎಡಗೈ ಗ್ಲೌಸು,
ಕೆಂಪು ಉಲ್ಲನ್ನು, ಹೆಬ್ಬೆರಳು ಬಿಚ್ಚಿಕೊಂಡಿದೆ,
ಮರಳಿನ ಗುಂಡಿಯಲ್ಲಿ ಸಿಕ್ಕಿತು.
ಒದ್ದೆಯಿತ್ತು. ಎಲ್ಲಾದರೂ ಒಣಗಬೇಕಲ್ಲ,
ಇನ್ನೂರ ಹದಿನೇಳಕ್ಕೆ ಹಾಕಿದ್ದೇನೆ.

ಬಂದು ತಗೊಂಡು ಹೋಗಿ.
ಅದಕ್ಕೂ ಏನೂ ಇಲ್ಲ.
ಗುರುವಾರ ನನ್ನ ರಜೆ.
ಉಳಿದ ದಿನ ಇರುತ್ತೇನೆ.